ಸೋಲುವ ಸುಖ

ವಿಡಿಯೊ ಆಟಗಳನ್ನು ಆಡುವವನು ನಾನು. ನಲವತ್ತೈದು ದಾಟಿದ ಮೇಲೂ ಆಡುತ್ತೇನೆ. ಈ ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಮುಂದೆ ಬರೆಯುವುದನ್ನು ಓದಿ, 'ಈ ಮನುಷ್ಯನಿಗೆ ಆಟದ ರುಚಿಯೇ ಗೊತ್ತಿಲ್ಲ' ಎಂದು ಹುಡುಗರೂ, 'ಈತ ಹುಡುಗರ ಪಕ್ಷದ ವಕೀಲ' ಎಂದು ಹಿರಿಯರೂ ಅನ್ನುವ ಸಂಭವವುಂಟು. ಎರಡನೆಯ ಆಪಾದನೆಯನ್ನು ಒಪ್ಪಿಕೊಳ್ಳುತ್ತೇನೆ. ಮೊದಲನೆಯದನ್ನು ಸರ್ವಥಾ ಒಪ್ಪಲಾರೆ.

ಈಚೆಗೆ ತಿಪಟೂರಿನಲ್ಲಿ ನಮ್ಮ ಬಂಧುಗಳ ಮನೆಯ ಒಂದು ಮದುವೆ. ಊಟ ಮುಗಿದು ಎಲೆಯಡಿಕೆಯ ಹೊತ್ತಿಗೆ ಛತ್ರದ ಮಹಡಿಯಲ್ಲಿ ಜಮಖಾನ ಹಾಸಿಕೊಂಡು ಏಳೆಂಟು ಮಂದಿ ಹಿರಿಯರು ಇಸ್ಪೀಟಿಗೆ ಕುಳಿತಿದ್ದರು. ಮಾತು ಕೊಬ್ಬರಿಯ ಧಾರಣೆಯಿಂದ ಮಳೆಗೆ, ಮಳೆಯಿಂದ ಮಕ್ಕಳ ಓದಿಗೆ ಹೊರಳಿ, 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಆಟಗಳ ಕಾನೂನಿಗೆ ಬಂದು ನಿಂತಿತು. "ಒಳ್ಳೇದಾಯ್ತು ಕಣಯ್ಯ. ಈ ಗೇಮು ಗೀಮು ಎಲ್ಲಾನೂ ಒಂದೇ ಏಟಿಗೆ ನಿಲ್ಲಿಸ್‌ಬೇಕು. ಹುಡುಗ್ರು ಹಾಳಾಗೋದ್ರು" ಎಂದು ನಮ್ಮ ದೊಡ್ಡಪ್ಪ ಅಪ್ಪಣೆ ಕೊಡಿಸಿದರು. ಅಪ್ಪಣೆ ಕೊಡಿಸುವಾಗ ಅವರ ಎಡಗೈಯಲ್ಲಿ ಹದಿಮೂರು ಎಲೆಗಳಿದ್ದವು. ಜಮಖಾನದ ಮೇಲೆ ಹತ್ತು ರೂಪಾಯಿ ನೋಟುಗಳ ಒಂದು ಸಣ್ಣ ಗುಡ್ಡೆ ಇತ್ತು.

ದೊಡ್ಡಪ್ಪನ ಪರವಾಗಿಯೂ ಹೇಳುವುದುಂಟು. ರಮ್ಮಿಯಲ್ಲಿ ಅದೃಷ್ಟಕ್ಕಿಂತ ಕೌಶಲವೇ ಹೆಚ್ಚೆಂದು 1968ರಷ್ಟು ಹಿಂದೆಯೇ ಸುಪ್ರೀಂ ಕೋರ್ಟು ಹೇಳಿದೆ. ಆದುದರಿಂದ ಅವರು ಜೂಜಾಡುತ್ತಿದ್ದರೆಂದು ನಾನು ಹೇಳುವಂತಿಲ್ಲ. ಕೌಶಲವನ್ನು ಪ್ರದರ್ಶಿಸುತ್ತಿದ್ದರು, ಆ ಮಧ್ಯಾಹ್ನ ಆ ಕೌಶಲಕ್ಕೆ ಇನ್ನೂರ ಮೂವತ್ತು ರೂಪಾಯಿ ಬೆಲೆ ತೆತ್ತರು.

ಆದರೂ ಅವರ ಕೋಪಕ್ಕೆ ಕಾರಣವಿಲ್ಲದಿಲ್ಲ. ತುರುವೇಕೆರೆ ಕಡೆ ತೋಟ ಮಾಡಿಕೊಂಡಿರುವ ನನ್ನ ಅಕ್ಕನ ಮಗ, ಆಗ ಹನ್ನೊಂದು ವರ್ಷದವನು, 2023ರಲ್ಲಿ ಫೋನಿನ ಒಂದು ಆಟಕ್ಕೆ ಹದಿನಾರು ಸಾವಿರ ರೂಪಾಯಿ ಸುರಿದ. ಆಟದ ಹೆಸರು ಬೇಡ. ಒಂದರ ಹೆಸರು ಹೇಳಿದರೆ ಉಳಿದವೆಲ್ಲ ಸಜ್ಜನರೆಂದು ಅರ್ಥವಾದೀತು. ಒಂದೇ ದಿನ ಸುರಿದದ್ದಲ್ಲ. ಇಂದು ನಲವತ್ತು, ನಾಳೆ ಎಂಬತ್ತು, ಹಬ್ಬದ ದಿನ ನಾನೂರು, ಹೀಗೆ ಎರಡು ತಿಂಗಳು. ತಂದೆಯ ಫೋನಿನ ಗುಪ್ತಸಂಖ್ಯೆ ಅವನಿಗೆ ಗೊತ್ತಾದದ್ದು ಹೇಗೆಂದು ಕೇಳಬೇಡಿ. ಫೋನಿನಲ್ಲಿ ಹಣ ಕಳಿಸುವುದನ್ನು ತಂದೆಗೆ ಕಲಿಸಿದವನೇ ಅವನು. ಆ ವರ್ಷ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಎಂದು ಕಾಗದದ ಮೇಲಿತ್ತು. ತಿಪಟೂರಿನ ಹರಾಜಿನಲ್ಲಿ ಸಿಗುತ್ತಿದ್ದದ್ದು ಎಂಟು ಸಾವಿರದ ಆಸುಪಾಸು. ಅಂದರೆ ಹುಡುಗ ಕಳೆದದ್ದು ಎರಡು ಕ್ವಿಂಟಲ್ ಕೊಬ್ಬರಿ. ಸಾವಿರಕ್ಕೂ ಮೀರಿದ ಕಾಯಿ. ಅವನ್ನು ಕೆಡವಿಸಿ, ಹೊರಿಸಿ, ಅಟ್ಟಕ್ಕೆ ಏರಿಸಿ, ಹತ್ತು ಹನ್ನೊಂದು ತಿಂಗಳು ಕಾದು, ಇಳಿಸಿ, ಸುಲಿಸಿ, ಒಡೆಸಿ, ಕೌಟು ಬಂದದ್ದನ್ನು ಬೇರ್ಪಡಿಸಿ ಚೀಲ ತುಂಬಿದ ಮನೆಯಲ್ಲಿ ಅಂದು ರಾತ್ರಿ ಒಲೆ ಹಚ್ಚಲಿಲ್ಲ.

ಇದರ ಬದಲಿಗೆ ಅವನಿಗೆ ದೊರೆತದ್ದೇನು? ಬಂದೂಕಿಗೆ ಬಳಿಯುವ ಬಣ್ಣ. ಒಂದು ಕೆಂಪು ಕೋಟು. ತೆರೆದರೆ ಒಳಗೆ ಏನಿರುತ್ತದೆಂದು ಮೊದಲೇ ತಿಳಿಯದ ನೂರಾರು ಪೆಟ್ಟಿಗೆಗಳು.

ಅಂದು ನಾನು ಅವನನ್ನು ತೋಟದ ಬದಿಗೆ ಕರೆದುಕೊಂಡು ಹೋಗಿ, ಬೈಯುವ ಸರದಿ ಎಲ್ಲರದೂ ಮುಗಿದಿದ್ದುದರಿಂದ, ಒಂದೇ ಪ್ರಶ್ನೆ ಕೇಳಿದೆ. "ಆಟ ಚೆನ್ನಾಗಿತ್ತೇನೋ?" ಹುಡುಗ ಬಹಳ ಹೊತ್ತು ಯೋಚಿಸಿದ. "ಇಲ್ಲ ಮಾವ. ಮೊದ್ಲು ಚೆನ್ನಾಗಿತ್ತು. ಆಮೇಲೆ ಬೇಜಾರು. ಆದ್ರೆ ಬಿಡಕ್ಕಾಗ್ತಿರ್ಲಿಲ್ಲ" ಎಂದ.

ಈ ಉತ್ತರವನ್ನು ನಾನು ಮೂರು ವರ್ಷದಿಂದ ಮೆಲುಕು ಹಾಕುತ್ತಿದ್ದೇನೆ. ಹುಡುಗರು ಆಟದ ಸುಖಕ್ಕೆ ಮರುಳಾಗಿ ಕೆಡುತ್ತಾರೆಂಬುದು ಹಿರಿಯರ ಸಿದ್ಧಾಂತ. ನನ್ನ ಅಕ್ಕನ ಮಗ ಸುಖವಿಲ್ಲದೆ ಕೆಟ್ಟ. ಹದಿನಾರು ಸಾವಿರ ಕೊಟ್ಟೂ ಅವನಿಗೆ ಆಟವೇ ಸಿಕ್ಕಿರಲಿಲ್ಲ. ನನ್ನ ದೂರು ಇದು. ಆಟವೆಂದು ಹೇಳಿಕೊಂಡು ಆಟವಲ್ಲದ ಯಾವುದನ್ನೋ ಮಾರುವ ವರ್ತಕರು ಒಂದು ಕಡೆ. ಎರಡಕ್ಕೂ ಭೇದವೆಣಿಸದೆ ಎಲ್ಲವನ್ನೂ ಒಂದೇ ಗುಂಡಿಗೆ ನೂಕಲು ಹೊರಟ ಹಿರಿಯರು ಇನ್ನೊಂದು ಕಡೆ. ಇವರ ನಡುವೆ ಒಂದು ಸೊಗಸಾದ ಕಲೆ ನುಚ್ಚುನೂರಾಗುತ್ತಿದೆ.

ಹಾಗಾದರೆ ಆಟದ ಸುಖ ಯಾವುದು? ನಮ್ಮ ಸೀಮೆಯವನೊಬ್ಬ ಈ ಪ್ರಶ್ನೆ ಕೇಳಿಕೊಂಡರೆ ತೀರ್ಥಪುರದ ನೆನಪಾಗುವುದು ಸಹಜ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಆ ಊರಿನಿಂದ ಬಂದ ತೀ.ನಂ.ಶ್ರೀ.ಯವರು 'ಭಾರತೀಯ ಕಾವ್ಯಮೀಮಾಂಸೆ'ಯಲ್ಲಿ ರಸದ ವಿಚಾರವನ್ನು ಕನ್ನಡಿಗರಿಗೆ ತಿಳಿಹೇಳಿದರು. ('ರಾಷ್ಟ್ರಪತಿ' ಎಂಬ ಪದ ಅವರ ಟಂಕಸಾಲೆಯದೆಂದು ಹೇಳುತ್ತಾರೆ. ಅವರು ಇನ್ನಷ್ಟು ಕಾಲ ಇದ್ದಿದ್ದರೆ ವಿಡಿಯೊ ಗೇಮಿಗೂ ಒಂದು ಹೆಸರು ಕೊಡುತ್ತಿದ್ದರೋ ಏನೋ. 'ದೃಶ್ಯಕ್ರೀಡೆ' ಎಂಬ ಹೆಸರಿನಿಂದ ಮಾತ್ರ ಖಂಡಿತ ಕಾಪಾಡುತ್ತಿದ್ದರು.) ಕರುಣರಸದಿಂದ ಆನಂದ ಹೇಗೆ ಹುಟ್ಟುತ್ತದೆ, ರಂಗದ ಮೇಲಿನ ದುಃಖವನ್ನು ನಾವು ದುಡ್ಡು ಕೊಟ್ಟು ಏಕೆ ನೋಡುತ್ತೇವೆ ಎಂಬುದು ನಮ್ಮ ಆಲಂಕಾರಿಕರನ್ನು ಕಾಡಿದ ಪ್ರಶ್ನೆ. ಆಟದ ಮೀಮಾಂಸೆಯ ಮೊದಲ ಪ್ರಶ್ನೆಯೂ ಅದಕ್ಕೆ ಸಮೀಪದ್ದೇ. ಬದುಕಿನಲ್ಲಿ ಸೋಲಿಗೆ ಹೆದರಿ ಓಡುವ ನಾವು ಆಟದಲ್ಲಿ ಸೋಲನ್ನು ಏಕೆ ಹುಡುಕಿಕೊಂಡು ಹೋಗುತ್ತೇವೆ? ಹತ್ತರಲ್ಲಿ ಒಂಬತ್ತು ಸಲ ಸೋಲುವುದೇ ಖಂಡಿತವಾದ ಆಟಕ್ಕೆ ಮತ್ತೆ ಮತ್ತೆ ಏಕೆ ಕೂರುತ್ತೇವೆ?

ನನಗೆ ತಿಳಿದ ಉತ್ತರವನ್ನು ನಾನು ಯಾವ ಗ್ರಂಥದಿಂದಲೂ ಕಲಿತದ್ದಲ್ಲ. ಕಲಿಸಿದವರು ಚಿಕ್ಕನಾಯಕನಹಳ್ಳಿಯ ನನ್ನ ಅಜ್ಜಿ. ಅವರ ಹತ್ತಿರ ಒಂದು ಅಳಗುಳಿಮಣೆ ಇತ್ತು. ಒಂದೊಂದು ಕಡೆ ಏಳೇಳರಂತೆ ಹದಿನಾಲ್ಕು ಗುಳಿ, ಹುಣಸೆಬೀಜ ತುಂಬಿದ ಒಂದು ಬಟ್ಟೆಯ ಚೀಲ. ಬೇಸಗೆ ರಜೆಯಲ್ಲಿ ಮಧ್ಯಾಹ್ನವೆಲ್ಲ ಆಡುತ್ತಿದ್ದೆವು. ಅಜ್ಜಿ ನನ್ನನ್ನು ಒಮ್ಮೆಯೂ ಬೇಕೆಂದು ಗೆಲ್ಲಿಸಲಿಲ್ಲ. ನಾನು ಆರು ವರ್ಷದವನೆಂಬ ಕರುಣೆ ಅವರಿಗೆ ಇರಲಿಲ್ಲ. ಅಥವಾ ಇದ್ದದ್ದರಿಂದಲೇ ಗೆಲ್ಲಿಸಲಿಲ್ಲ. ಗುಳಿ ಬರಿದಾದಾಗ ಅತ್ತಿದ್ದೇನೆ, ಮಣೆ ತಿರುವಿ ಹಾಕಿದ್ದೇನೆ. "ಅಳೋದಾದ್ರೆ ಅತ್ಕೊ. ಬೀಜ ಎಲ್ಲಿ ತಪ್ಪು ಬಿಟ್ಟೆ ಅಂತ ನೋಡ್ಕೊಂಡು ಅಳು" ಎನ್ನುತ್ತಿದ್ದರು. ಎಲ್ಲ ಬೀಜವೂ ಕಣ್ಣೆದುರಿಗೇ ಇರುತ್ತಿದ್ದವು. ಅಜ್ಜಿ ಸೆರಗಿನಲ್ಲಿ ಬಚ್ಚಿಟ್ಟ ಬೀಜ ಒಂದೂ ಇರಲಿಲ್ಲ. ನಾನು ಸೋತಿದ್ದರೆ ಆ ಸೋಲು ಪೂರ್ತಿ ನನ್ನದೇ. ಮೂರನೆಯ ಬೇಸಗೆಯಲ್ಲಿ ಒಂದು ದಿನ ಅವರನ್ನು ಸೋಲಿಸಿದಾಗ ಆ ಗೆಲುವು ಕೂಡ ಪೂರ್ತಿ ನನ್ನದೇ ಆಯಿತು. ಅಜ್ಜಿ ಒಂದು ಚೂರು ಬೆಲ್ಲ ಕೊಟ್ಟು, ಮಾರನೆಯ ದಿನ ನಾಲ್ಕು ಆಟ ಸತತವಾಗಿ ನನ್ನನ್ನು ಬಡಿದು ಕೂರಿಸಿದರು.

ನನ್ನದೇ ಆದ ಸೋಲು. ಆಟ ಕೊಡುವ ಸುಖದ ಬೇರು ಇಲ್ಲಿದೆ ಎಂದು ನನ್ನ ನಂಬಿಕೆ. ಕಾಯಿಲೆ, ಮಳೆ, ಕೊಬ್ಬರಿಯ ಧಾರಣೆ ಇವುಗಳೆದುರು ನಾವು ಸೋಲುವಾಗ ತಪ್ಪು ಎಲ್ಲಿತ್ತೆಂದು ತಿಳಿಯುವುದೇ ಇಲ್ಲ. 2023ರಲ್ಲಿ ಎಂಟು ಸಾವಿರಕ್ಕೆ ಕೊಬ್ಬರಿ ಮಾರಿದವನೂ, 2025ರಲ್ಲಿ ಇಪ್ಪತ್ತು ಸಾವಿರದ ಮೇಲೆ ಮಾರಿದವನೂ ಒಂದೇ ತೋಟದ, ಒಂದೇ ಬುದ್ಧಿಯ ರೈತ. ನಮ್ಮ ಸೀಮೆಯಲ್ಲಿ ನಿಜವಾದ ಜೂಜೆಂದರೆ ಅದೇ. ಅದನ್ನು ನಿಷೇಧಿಸಬೇಕೆಂದು ದೊಡ್ಡಪ್ಪ ಹೇಳಿದ್ದನ್ನು ಕೇಳಿಲ್ಲ. ಇಂಥ ಬದುಕಿನ ನಡುವೆ, ತಪ್ಪು ಯಾವುದು, ಅದು ಯಾರದು, ತಿದ್ದಿಕೊಳ್ಳುವುದು ಹೇಗೆ ಎಂಬುದು ಸ್ಪಷ್ಟವಾಗಿ ಕಾಣುವ ಒಂದು ಸಣ್ಣ ಅಂಗಳ ಸಿಕ್ಕಿದರೆ ಮನುಷ್ಯ ಅದನ್ನು ಬಿಟ್ಟಾನೆಯೇ?

ಆ ಅಂಗಳದಲ್ಲಿ ಇಬ್ಬರೂ ಸಮಾನರಾಗಿರಬೇಕೆಂದೂ ಇಲ್ಲ. ನಮ್ಮ ಕಡೆಯ ಎಷ್ಟೋ ದೇವಸ್ಥಾನಗಳ ಜಗಲಿಯ ಚಪ್ಪಡಿಗಳ ಮೇಲೆ ಹುಲಿ-ಕುರಿ ಆಟದ ಗೆರೆಗಳನ್ನು ಕಾಣಬಹುದು. ಒಂದು ಕಡೆ ಮೂರೇ ಹುಲಿ, ಇನ್ನೊಂದು ಕಡೆ ಹದಿನೈದು ಕುರಿ. ಒಂದು ತಿನ್ನುತ್ತದೆ, ಇನ್ನೊಂದಕ್ಕೆ ತಿನ್ನುವ ಬಾಯಿಯೇ ಇಲ್ಲ, ಸುತ್ತುಗಟ್ಟುವುದೊಂದೇ ದಾರಿ. ಆದರೂ ಇದು ನ್ಯಾಯವಾದ ಆಟ. ಗೆರೆ ಕಲ್ಲಿನ ಮೇಲಿದೆ. ಹುಲಿಯವನು ರಾತ್ರಿ ಎದ್ದು ಬಂದು ತನಗೆ ಅನುಕೂಲವಾಗುವಂತೆ ಒಂದು ಗೆರೆ ಹೆಚ್ಚಿಗೆ ಎಳೆಯಲಾರ.

ವಿಡಿಯೊ ಆಟಗಳು ಹುಟ್ಟಿದಾಗ ಈ ಕಲ್ಲಿನ ಗೆರೆಯ ಗುಣವನ್ನೇ ಪಡೆದುಕೊಂಡು ಹುಟ್ಟಿದವು. ತೊಂಬತ್ತರ ದಶಕದಲ್ಲಿ ನಮ್ಮ ತಿಪಟೂರಿನ ಬೀದಿಯಲ್ಲಿ ಒಂದು ಮನೆಯ ಮುಂದಿನ ಕೋಣೆಯಲ್ಲಿ ಟೀವಿಗೆ ಕ್ಯಾಸೆಟ್ ಯಂತ್ರವೊಂದನ್ನು ಜೋಡಿಸಿ, ಗಂಟೆಗೆ ಐದು ರೂಪಾಯಿಯಂತೆ ಹುಡುಗರನ್ನು ಆಡಲು ಬಿಡುತ್ತಿದ್ದರು. ಅಲ್ಲಿ ನಾನು ಮೊದಲು ಕಂಡದ್ದು ಮಾರಿಯೊ. ಜಪಾನಿನ ನಿಂಟೆಂಡೊ ಸಂಸ್ಥೆಯ ಶಿಗೆರು ಮಿಯಾಮೊಟೊ ಮತ್ತು ಅವರ ಸಂಗಡಿಗರು 1985ರಲ್ಲಿ ಹೊರತಂದ ಆಟ. ಅದರ ಮೊದಲ ಅರ್ಧ ನಿಮಿಷವನ್ನು ಬಲ್ಲವರು ಆಟ ಮಾಡುವ ಕಲೆಯಲ್ಲಿ ಅರ್ಧವನ್ನು ಬಲ್ಲರು. ಮೀಸೆಯ ಪುಟ್ಟ ಮನುಷ್ಯ ತೆರೆಯ ಎಡಕ್ಕೆ ನಿಂತಿದ್ದಾನೆ, ಬಲಕ್ಕೆ ಬಯಲು. ಆದುದರಿಂದ ಬಲಕ್ಕೆ ನಡೆಯುತ್ತೀರಿ. ಎದುರಿನಿಂದ ಅಣಬೆಯಂಥ ಒಂದು ಪ್ರಾಣಿ ಕೋಪದಿಂದ ಬರುತ್ತದೆ. ಸುಮ್ಮನೆ ನಿಂತರೆ ಸಾಯುತ್ತೀರಿ. ಎರಡನೆಯ ಸಲ ಗಾಬರಿಯಲ್ಲಿ ಯಾವುದೋ ಗುಂಡಿ ಒತ್ತಿದಾಗ ಮನುಷ್ಯ ನೆಗೆಯುತ್ತಾನೆ. ನೆಗೆದು ಆ ಪ್ರಾಣಿಯ ಮೇಲೆ ಬಿದ್ದರೆ ಅದೇ ಸಾಯುತ್ತದೆ. ಸ್ವಲ್ಪ ಮುಂದೆ ಇಟ್ಟಿಗೆಗೆ ತಲೆ ಹೊಡೆದರೆ ಒಳ್ಳೆಯ ಅಣಬೆಯೊಂದು ಹೊರಬಂದು ದೂರ ಸರಿದು, ಕೊಳವೆಗೆ ತಗುಲಿ ಹಿಂದಿರುಗಿ ನಿಮ್ಮ ಕಡೆಗೇ ಬರುತ್ತದೆ. ಹೆದರಿ ತಪ್ಪಿಸಿಕೊಳ್ಳಹೋದರೂ ಬಹುಮಟ್ಟಿಗೆ ತಾಕಿಯೇ ತಾಕುತ್ತದೆ. ತಾಕಿದರೆ ದೊಡ್ಡವರಾಗುತ್ತೀರಿ. ಒಂದಕ್ಷರ ಬರೆದಿಲ್ಲ, ಒಂದು ಮಾತಿಲ್ಲ. ಇಂಗ್ಲಿಷಿನ ಗಂಧವಿಲ್ಲದ ಕನ್ನಡ ಶಾಲೆಯ ಹುಡುಗನಿಗೆ ಜಪಾನಿನ ಗುರುವೊಬ್ಬ ಸಾಯಿಸಿ ಸಾಯಿಸಿ ಪಾಠ ಹೇಳಿದ. ನಮ್ಮ ಶಾಲೆಯ ಮೇಷ್ಟರುಗಳೂ ಹೊಡೆಯುತ್ತಿದ್ದರು. ಏಕೆ ಹೊಡೆದರೆಂದು ತಿಳಿಯುತ್ತಿದ್ದದ್ದು ಮಾತ್ರ ಅಪರೂಪ.

ಈಗಿನ ಫೋನಿನ ಆಟ ತೆರೆದು ನೋಡಿ. ತೆರೆಯ ಮೇಲೆ ಒಂದು ಬೆರಳು ಮೂಡಿ 'ಇಲ್ಲಿ ಒತ್ತು' ಎನ್ನುತ್ತದೆ. ಒತ್ತಿದಿರಿ, ಪಟಾಕಿ ಹಾರಿತು, ನಾಣ್ಯದ ಮಳೆ ಬಂತು, 'ಭೇಷ್' ಎಂದಿತು. ಮೊದಲ ಹತ್ತು ಆಟ ನಿಮ್ಮನ್ನು ಸೋಲಲು ಬಿಡುವುದೇ ಇಲ್ಲ. ಎದುರಾಳಿ ಯಾವುದೋ ಊರಿನ ಹುಡುಗನೆಂದು ನೀವು ನಂಬಿರುತ್ತೀರಿ. ಎಷ್ಟೋ ಆಟಗಳಲ್ಲಿ ಅದು ಸೋಲುವುದಕ್ಕೆಂದೇ ನಿಲ್ಲಿಸಿದ ಯಂತ್ರದ ಗೊಂಬೆ. ಅಜ್ಜಿ ಕೊಡದ ಸುಳ್ಳು ಗೆಲುವನ್ನು ಇದು ಧಾರಾಳವಾಗಿ ಹಂಚುತ್ತದೆ. ಹನ್ನೊಂದನೆಯ ಆಟದಿಂದ ಸೋಲು ಶುರು. ಅದು ನಿಮ್ಮ ತಪ್ಪಿನಿಂದ ಬಂದ ಸೋಲಲ್ಲ. ಮುಂದಿನವನ ಬಂದೂಕು ನಿಮ್ಮದಕ್ಕಿಂತ ದೊಡ್ಡದು, ಆ ಬಂದೂಕು ಅಂಗಡಿಯಲ್ಲಿದೆ, ಅಂಗಡಿ ತೆರೆಯ ಮೂಲೆಯಲ್ಲೇ ಇದೆ.

ಇಲ್ಲಿ ಒಂದು ಹಳೆಯ ಕಥೆ ಹೇಳಬೇಕು. ಅದೇ ಬೀದಿಯ ಕೋಣೆಯಲ್ಲಿ ನಮ್ಮನ್ನೆಲ್ಲ ಹುಚ್ಚು ಹಿಡಿಸಿದ ಇನ್ನೊಂದು ಆಟ ಕೊನಾಮಿ ಸಂಸ್ಥೆಯ 'ಕಾಂಟ್ರಾ'. ಇಬ್ಬರು ಜೊತೆಗೂಡಿ ಗುಂಡು ಹಾರಿಸುತ್ತ ಮುನ್ನುಗ್ಗುವುದು. ಒಂದು ಗುಂಡು ತಾಕಿದರೆ ಸಾವು. ಒಬ್ಬನಿಗೆ ಮೂರೇ ಜೀವ. ಜಲಪಾತ ಹತ್ತುವ ಘಟ್ಟವನ್ನು ದಾಟುವುದಕ್ಕೆ ನನಗೂ ನನ್ನ ಗೆಳೆಯನಿಗೂ ಒಂದು ಇಡೀ ದಸರಾ ರಜೆ ಹಿಡಿಯಿತು. ಆಮೇಲೆ ಅರಸೀಕೆರೆಯಿಂದ ಬಂದ ಹುಡುಗನೊಬ್ಬ ಒಂದು ಗುಟ್ಟು ತಂದ. ಆಟ ಶುರುವಾಗುವ ಮೊದಲು ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ ಎಡ ಬಲ, ಮತ್ತೆರಡು ಗುಂಡಿ. ಮೂರರ ಬದಲು ಮೂವತ್ತು ಜೀವ! ಆ ದಿನ ಕೋಣೆಯಲ್ಲಿ ಜಾತ್ರೆಯೇ ನೆರೆಯಿತು. ಒಂದೇ ಸಂಜೆಯಲ್ಲಿ ಎಲ್ಲರೂ ಆಟದ ಕೊನೆ ಕಂಡರು. ಮುಂದಿನ ವಾರ ಆ ಕ್ಯಾಸೆಟ್ಟನ್ನು ಕೇಳುವವರಿರಲಿಲ್ಲ. ಬಹಳ ದಿನದ ಮೇಲೆ ನಾನೂ ಗೆಳೆಯನೂ ಸುಮ್ಮನೆ, ಯಾರಿಗೂ ಹೇಳದೆ, ಮತ್ತೆ ಮೂರು ಜೀವಕ್ಕೆ ಹಿಂದಿರುಗಿದೆವು.

ಮೂವತ್ತು ಜೀವದ ಗುಟ್ಟು ಬಿಟ್ಟಿಯಾಗಿತ್ತು. ಒಬ್ಬ ಹುಡುಗನ ಬಾಯಿಂದ ಇನ್ನೊಬ್ಬನ ಕಿವಿಗೆ ಹೋಗುತ್ತಿತ್ತು. ಈಗ ಮಾರುತ್ತಿರುವುದು ಅದನ್ನೇ. ಆಟವನ್ನು ಹಾಳುಮಾಡುವ ಸಾಧನವನ್ನು ಆಟದೊಳಗೇ ಅಂಗಡಿಯಿಟ್ಟು ಮಾರುವುದು, ಮಾರಾಟ ನಡೆಯಲೆಂದು ಆಟವನ್ನು ಮೊದಲೇ ಕೆಡಿಸಿಡುವುದು: ಇಂಥ ವ್ಯಾಪಾರ ನಮ್ಮ ಮಂಡಿ ವರ್ತಕರಿಗೂ ಹೊಳೆದಿರಲಾರದು. ಅವರ ಮೇಲೆ ತೂಕದ ಆಕ್ಷೇಪಣೆ ಇರಬಹುದು, ಧಾರಣೆಯ ಆಕ್ಷೇಪಣೆ ಇರಬಹುದು. ಒಳಗೆ ಏನಿದೆಯೆಂದು ಹೇಳದೆ ಬಾಯಿ ಹೊಲಿದ ಚೀಲವನ್ನು ಹರಾಜಿಗೆ ಇಟ್ಟವರು ಯಾರೂ ಇಲ್ಲ. ಹುಡುಗನಿಗೆ ಮಾರಿದ ಪೆಟ್ಟಿಗೆಗಳು ಅಂಥ ಚೀಲಗಳೇ. ಬೆಲ್ಜಿಯಂ ದೇಶದ ಜೂಜು ನಿಯಂತ್ರಣ ಆಯೋಗ 2018ರಲ್ಲಿಯೇ ಇಂಥ ಪೆಟ್ಟಿಗೆಗಳ ಮಾರಾಟ ಜೂಜೆಂದು ತೀರ್ಮಾನಿಸಿತು.

ನಮ್ಮ ಕಾನೂನಿನ ಪಾಡು ಬೇರೆ. ಕರ್ನಾಟಕ ಸರ್ಕಾರ 2021ರಲ್ಲಿ ಪೊಲೀಸ್ ಕಾಯಿದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಣದಾಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಕೇಂದ್ರ ಕಾನೂನು ಕೌಶಲ-ಅದೃಷ್ಟಗಳ ಗೊಡವೆಗೆ ಹೋಗದೆ, ಹಣ ಗೆಲ್ಲುವ ಆಸೆಯಿಂದ ಹಣ ಹೂಡುವ ಆನ್‌ಲೈನ್ ಆಟಗಳನ್ನೆಲ್ಲ ಹಿಡಿಯಿತು. ಮನೆಮಾರು ಕಳೆದುಕೊಂಡವರ ಕಥೆಗಳನ್ನು ಕೇಳಿದವನಾಗಿ ನಾನು ಅದಕ್ಕೆ ಎದುರು ಹೇಳುವುದಿಲ್ಲ. ಆದರೆ ನನ್ನ ಅಕ್ಕನ ಮಗ ಹಣ ಗೆಲ್ಲಲು ಹೋದವನಲ್ಲ. ಅವನು ಹೂಡಿದ ಹದಿನಾರು ಸಾವಿರಕ್ಕೆ ಪ್ರತಿಯಾಗಿ ಹದಿನಾರು ಕಾಸು ಬರುವ ಆಸೆಯೂ ಅವನಿಗಿರಲಿಲ್ಲ. ಕಾನೂನು ಹುಡುಕುತ್ತಿರುವುದು ಶಕುನಿಯ ಪಣವನ್ನು. ದಾಳವನ್ನು ಅದು ಕೈಗೆತ್ತಿಕೊಂಡು ನೋಡಿಲ್ಲ. ಧರ್ಮರಾಯ ಕೆಟ್ಟದ್ದು ಪಗಡೆಯಾಡಿದ್ದರಿಂದ ಎಂದು ಹರಿಕಥೆಗಳಲ್ಲಿ ಹೇಳುತ್ತಾರೆ. ದಾಳ ಎದುರಾಳಿಯ ಮಾತು ಕೇಳುವ ದಾಳವಾಗಿತ್ತೆಂಬುದನ್ನು ಅಷ್ಟು ಒತ್ತಿ ಹೇಳುವುದಿಲ್ಲ. ಆಡಿದವನಿಗೆ ಮಾತ್ರ ಅದೇ ಮುಖ್ಯ.

ಪಗಡೆಯನ್ನೇ ಪಾಪವೆಂದು ಬಗೆದಿದ್ದರೆ ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ದೇವತೆಗಳ ನಿಧಿಗಳ ಸಾಲಿಗೆ ಆಟಗಳಿಗೆಂದೇ ಕೌತುಕನಿಧಿಯನ್ನು ಸೇರಿಸುತ್ತಿರಲಿಲ್ಲ. ದೇವರ ಧ್ಯಾನಶ್ಲೋಕಗಳಿರುವ ಗ್ರಂಥದಲ್ಲೇ ಚದುರಂಗದ ಮನೆಗಳಿಗೂ ಗಂಜೀಫಿನ ಎಲೆಗಳಿಗೂ ಸ್ಥಳವಿದೆ. ಅರಸರಿಗೆ ರಾಜ್ಯಭಾರವನ್ನು ಕಂಪೆನಿಯವರು ಉಳಿಸಿರಲಿಲ್ಲವಾಗಿ ಆಟಕ್ಕೆ ಹೊತ್ತಿತ್ತೆಂದು ಕೆಲವರು ಕುಚೋದ್ಯ ಮಾಡಬಹುದು. ಮಾಡಲಿ.

ಸೋಲಿನ ವಿಚಾರಕ್ಕೆ ಹಿಂದಿರುಗುತ್ತೇನೆ. ಗೆಲುವೇ ಇಲ್ಲದ ಆಟವೊಂದುಂಟು. ಮಾಸ್ಕೋದಲ್ಲಿ ಅಲೆಕ್ಸಿ ಪಜಿಟ್ನೊವ್ 1984ರಲ್ಲಿ ಮಾಡಿದ ಟೆಟ್ರಿಸ್. ನಮ್ಮೂರಿನ ಜಾತ್ರೆಗಳಲ್ಲಿ ಅಂಗೈಯಗಲದ ಯಂತ್ರವಾಗಿ 'ಇಟ್ಟಿಗೆ ಆಟ' ಎಂಬ ಹೆಸರಿನಲ್ಲಿ ಬಳೆ, ಪೀಪಿಗಳ ನಡುವೆ ಮಾರಾಟಕ್ಕೆ ಬರುತ್ತಿತ್ತು. ಮೇಲಿನಿಂದ ಇಟ್ಟಿಗೆಗಳು ಬೀಳುತ್ತವೆ, ಸಂದು ಬಿಡದೆ ಜೋಡಿಸಿದರೆ ಸಾಲು ಕರಗುತ್ತದೆ, ವೇಗ ಏರುತ್ತಲೇ ಹೋಗುತ್ತದೆ, ಕೊನೆಗೆ ಸೋಲುತ್ತೀರಿ. ಎಲ್ಲರೂ ಸೋಲುತ್ತಾರೆ. ನಿಂಟೆಂಡೊ ಯಂತ್ರಕ್ಕಾಗಿ 1989ರಲ್ಲಿ ಹೊರಬಂದ ಟೆಟ್ರಿಸನ್ನು ಅದರ ಕಟ್ಟಕಡೆಯವರೆಗೆ, ಯಂತ್ರವೇ ತತ್ತರಿಸಿ ನಿಲ್ಲುವವರೆಗೆ, ಆಡಿದ ಮೊದಲ ಮನುಷ್ಯ ಅಮೆರಿಕದ ಹದಿಮೂರು ವರ್ಷದ ಒಬ್ಬ ಹುಡುಗ. ಅದು ನಡೆದದ್ದು 2023ರ ಡಿಸೆಂಬರಿನಲ್ಲಿ. ಮೂವತ್ತನಾಲ್ಕು ವರ್ಷ ಲೋಕವೆಲ್ಲ ಸೋಲುತ್ತಲೇ ಆಡಿತು, ಯಾರೂ ಬೇಸರಪಡಲಿಲ್ಲ. ಒಂದು ಸಾಲು ತಪ್ಪಿದ್ದು ನನ್ನ ಬೆರಳಿನಿಂದ, ಮುಂದಿನ ಸಲ ತಪ್ಪುವುದಿಲ್ಲ: ಈ ನಂಬಿಕೆಯನ್ನು ಆ ಆಟ ಎಂದೂ ಮೋಸಗೊಳಿಸಲಿಲ್ಲ.

ಕಾಯುವುದರ ವಿಚಾರದಲ್ಲಿ ನನಗೆ ಇನ್ನೂ ಒಂದು ಸಿಟ್ಟಿದೆ. ಇದು ತೆಂಗಿನ ಸೀಮೆಯವನ ಸಿಟ್ಟು. 2009ರಲ್ಲಿ ಫೇಸ್‌ಬುಕ್ಕಿನಲ್ಲಿ 'ಫಾರ್ಮ್‌ವಿಲ್' ಎಂಬ ಬೇಸಾಯದ ಆಟ ಬಂತು. 2020ರ ಕೊನೆಗೆ ಮುಚ್ಚಿತು. ಅದರ ಸಂತಾನ ಮಾತ್ರ ಫೋನುಗಳಲ್ಲಿ ಹುಲುಸಾಗಿ ಬೆಳೆದಿದೆ. ಬೀಜ ಹಾಕಿದರೆ ಇಷ್ಟು ಗಂಟೆ ಕಾಯಬೇಕು. ಹೇಳಿದ ಹೊತ್ತಿಗೆ ಬಂದು ಕೊಯ್ಯದಿದ್ದರೆ ಆ ಆಟದಲ್ಲಿ ಪೈರು ಬಾಡಿಹೋಗುತ್ತಿತ್ತು. ಕಾಯಲಾರೆಯಾ? ಹಣ ಕೊಡು, ಈಗಲೇ ಬೆಳೆಯುತ್ತದೆ ಎಂಬುದು ಈ ಸಂತಾನದ ಮಂತ್ರ. "ಬೇಸಾಯದಲ್ಲೂ ಕಾಯಬೇಕಲ್ಲ, ಆಟ ಸಹನೆ ಕಲಿಸುತ್ತದೆ" ಎಂದು ಬೆಂಗಳೂರಿನ ನನ್ನ ಮಿತ್ರರೊಬ್ಬರು ಇದನ್ನು ಸಮರ್ಥಿಸಿದರು. ಅವರು ನಮ್ಮ ಅಟ್ಟ ಹತ್ತಿ ನೋಡಿದವರಲ್ಲ. ಅಟ್ಟದ ಮೇಲೆ ಕಾಯಿ ಹತ್ತು ಹನ್ನೊಂದು ತಿಂಗಳು ಸುಮ್ಮನೆ ಕೂತಿರುವುದಿಲ್ಲ. ಒಳಗಿನ ನೀರು ನಿಧಾನವಾಗಿ ಆರುತ್ತಿರುತ್ತದೆ, ತಿರುಳು ಕರಟ ಬಿಟ್ಟು ಉಂಡೆಯಾಗುತ್ತಿರುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದರೆ ಗಟಗಟ ಎನ್ನುವ ಸದ್ದಿನಿಂದಲೇ ಭಾವ ಕಾಯಿಯ ಒಳಗನ್ನು ಹೇಳುತ್ತಾನೆ. ಅವಸರಪಟ್ಟು ಒಡೆದವನಿಗೆ ಕೊಬ್ಬರಿ ಸಿಗುವುದಿಲ್ಲ. ಕೋಟಿ ಕೊಟ್ಟರೂ ಸಿಗುವುದಿಲ್ಲ. ಆಟದ ಕಾಯುವಿಕೆಯಲ್ಲಿ ಒಳಗೆ ನಡೆಯುವುದೇನೂ ಇಲ್ಲ. ಗಡಿಯಾರವೊಂದನ್ನು ಅಡ್ಡ ನಿಲ್ಲಿಸಿ, ಅದನ್ನು ಸರಿಸುವುದಕ್ಕೆ ಸುಂಕ ವಸೂಲು ಮಾಡುವುದಷ್ಟೇ.

ಬೇಸಾಯದ ಆಟ ಕೆಟ್ಟದ್ದಾಗಿಯೇ ಇರಬೇಕೆಂದಿಲ್ಲ. ಅಮೆರಿಕದ ಎರಿಕ್ ಬರೋನ್ ಎಂಬ ಯುವಕ ನಾಲ್ಕು ವರ್ಷಕ್ಕೂ ಮಿಕ್ಕು ಒಬ್ಬನೇ ಕುಳಿತು, ಚಿತ್ರ, ಸಂಗೀತ, ಕಥೆ, ಲೆಕ್ಕಾಚಾರ ಎಲ್ಲವನ್ನೂ ತಾನೇ ಮಾಡಿ 2016ರಲ್ಲಿ ಹೊರತಂದ 'ಸ್ಟಾರ್‌ಡ್ಯೂ ವ್ಯಾಲಿ' ಬೇಸಾಯದ ಆಟವೇ. ಒಮ್ಮೆ ಕೊಂಡರೆ ಮುಗಿಯಿತು. ಒಳಗೆ ನಿಜವಾದ ದುಡ್ಡು ಕೇಳುವ ಅಂಗಡಿಯಿಲ್ಲ. ನೀರು ಹಾಕದಿದ್ದರೆ ಪೈರು ಬೆಳೆಯುವುದಿಲ್ಲ. ಋತುವಿನ ಲೆಕ್ಕ ತಪ್ಪಿ ತಡವಾಗಿ ಬಿತ್ತಿದರೆ, ಋತು ಮಗುಚಿದ ಬೆಳಗ್ಗೆ ಹೊಲವೆಲ್ಲ ಸತ್ತು ಬಿದ್ದಿರುತ್ತದೆ. ಮೊದಲ ವರ್ಷ ಹೀಗೆ ಒಂದು ಇಡೀ ಬೆಳೆಯನ್ನು ಕಳೆದುಕೊಂಡು ನಾನು ರಾತ್ರಿ ಹನ್ನೊಂದಕ್ಕೆ ಕುರ್ಚಿಯಲ್ಲಿ ನಗುತ್ತ ಕುಳಿತದ್ದನ್ನು ಕಂಡು ಮನೆಯಾಕೆ ಗಾಬರಿಯಾದಳು. ಆ ಆಟದಲ್ಲಿ ತೆಂಗಿನಕಾಯಿ ಸಿಗುವುದು ಮಾತ್ರ ಮರುಭೂಮಿಯಲ್ಲಿ! ತಿಪಟೂರಿನವನು ಕ್ಷಮಿಸಲಾಗದ ಅಪರಾಧ. ಆದರೆ ನಮ್ಮ ಕಡೆ ಮಳೆ ಕೈಕೊಟ್ಟ ವರ್ಷಗಳನ್ನು ನೆನೆದು ಕ್ಷಮಿಸಿದ್ದೇನೆ.

ಎದುರು ಪಕ್ಷದ ವಾದದಲ್ಲಿ ಸತ್ಯವಿರುವಷ್ಟನ್ನು 'ಇದೆ' ಎನ್ನಬೇಕು. ಒಳ್ಳೆಯ ಆಟವೂ ನಿದ್ದೆ ಕೆಡಿಸುತ್ತದೆ, ನನ್ನದನ್ನು ಕೆಡಿಸಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಅತಿಬಳಕೆಗೆಂದೇ 2014ರಲ್ಲಿ ಚಿಕಿತ್ಸಾಲಯ ತೆರೆಯಬೇಕಾಯಿತು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗಗಳ ಪಟ್ಟಿಯಲ್ಲಿ ಆಟದ ಗೀಳಿಗೆ ಸ್ಥಾನ ಕೊಟ್ಟಿದೆ. ಅಲ್ಲಿಗೆ ಹೋಗುವ ಮಕ್ಕಳ ತಾಯಿತಂದೆಯರೆದುರು ನಿಂತು ರಸಸಿದ್ಧಾಂತ ಹೇಳುವ ಧೈರ್ಯ ನನಗಿಲ್ಲ. ಆದರೆ 'ಎಲ್ಲ ಆಟವನ್ನೂ ನಿಲ್ಲಿಸಿ' ಎನ್ನುವ ದೊಡ್ಡಪ್ಪನಿಂದ ಆ ಮಕ್ಕಳಿಗೆ ಆಗುವ ಉಪಕಾರವೂ ಕಾಣೆ. ಅವರು ಹುಡುಗನ ಕೈಯಿಂದ ಫೋನು ಕಿತ್ತುಕೊಂಡರೇ ಹೊರತು, ಆ ಕೈಗೆ ಬೇರೆ ಏನನ್ನೂ ಇಡಲಿಲ್ಲ. ಹುಡುಗ ಯಾವ ಆಟದಲ್ಲಿ ಹೇಗೆ ಸೋಲುತ್ತಿದ್ದನೆಂದು ಒಮ್ಮೆಯೂ ಪಕ್ಕದಲ್ಲಿ ಕೂತು ನೋಡಲಿಲ್ಲ. ಮದುವೆಮನೆಯಲ್ಲಿ ನಾನು ಇದನ್ನೇ ಹೇಳಿದೆ. "ನೀನು ಆಡ್ತೀಯಲ್ಲ, ಅದಕ್ಕೇ ಹಿಂಗಂತೀಯ" ಎಂದು ಎಲೆ ಇಳಿಸಿದರು. ಆ ಕೈಯೂ ಸೋತರು. ಸೋತು, "ಥೂ, ಆ ಆಟೀನ್ ರಾಣಿ ಮೊದ್ಲೇ ಬಿಡ್‌ಬೇಕಿತ್ತು" ಎಂದು ತಮ್ಮನ್ನೇ ಬೈದುಕೊಂಡು, ಮುಖವರಳಿಸಿ, ಮತ್ತೊಂದು ಕೈಗೆ ಎಲೆ ಕಲಸಲು ಹೇಳಿದರು. ನಾನು ಮುಂದಕ್ಕೆ ವಾದಿಸಲಿಲ್ಲ.

ಹದಿನಾರು ಸಾವಿರದ ಬಗ್ಗೆ ಆ ಆಟದವರಿಗೆ ನಾನು ಮೂರು ಪತ್ರ ಬರೆದೆ. ಮೂರಕ್ಕೂ ಒಂದೇ ಗಳಿಗೆಯಲ್ಲಿ, ಒಂದೇ ಮಾತಿನಲ್ಲಿ ಉತ್ತರ ಬಂತು. ಓದಿದವನು ಮನುಷ್ಯನಲ್ಲವೆಂಬುದು ಸ್ಪಷ್ಟವಾಗಿತ್ತು. ಹಣ ಬರಲಿಲ್ಲ. ಹುಡುಗನಿಗೆ ಈಗ ಹದಿನಾಲ್ಕು. ನನ್ನ ಹಳೆಯ ಕಂಪ್ಯೂಟರನ್ನು ಅವನಿಗೆ ಕೊಟ್ಟಿದ್ದೇನೆ; ಟೆಟ್ರಿಸ್ ಇದೆ, ಮಾರಿಯೊ ಇದೆ, ಮರುಭೂಮಿಯ ತೆಂಗಿನಕಾಯಿಯೂ ಇದೆ. ಮೊನ್ನೆ ಭಾನುವಾರ ತುರುವೇಕೆರೆಗೆ ಹೋಗಿದ್ದಾಗ ಕರೆಂಟು ಇರಲಿಲ್ಲ. ಜಗಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಹುಲಿ-ಕುರಿಗೆ ಕುಳಿತೆವು. ಕುರಿಗಳಿಗೆ ಹುಣಸೆಬೀಜ, ಹುಲಿಗಳಿಗೆ ಕರಟದ ಚೂರು. ಮೂರು ಆಟ ನಾನು ಹುಲಿಯಾಗಿ ಅವನ ಕುರಿಗಳನ್ನು ತಿಂದೆ. ಬಿಟ್ಟುಕೊಡಲಿಲ್ಲ. ನಾಲ್ಕನೆಯದಕ್ಕೆ ಹುಲಿ ತನಗೆ ಬೇಕೆಂದು ಹಟ ಹಿಡಿಯುತ್ತಾನೆಂದುಕೊಂಡಿದ್ದೆ. ಅವನು ಬಹಳ ಹೊತ್ತು ಗೆರೆಗಳನ್ನೇ ನೋಡುತ್ತ ಕುಳಿತು, "ಇರು ಮಾವ, ಕುರಿ ನನಗೇ ಇರ್ಲಿ, ಎಲ್ಲಿ ತಪ್ಪಿದೆ ಅಂತ ಗೊತ್ತಾಯ್ತು" ಎಂದ.